ಸಾಕು ಎಂಬ ಮಾತು

ನಮ್ಮ ಮನೆಯಲ್ಲಿ ಊಟಕ್ಕೆ ಕೂತವರು “ಸಾಕು” ಅನ್ನುವ ಹಾಗಿರಲಿಲ್ಲ. ಇನ್ನು ಬೇಡವಾದರೆ ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯಬೇಕು. ಬಾಯಿಬಿಟ್ಟು ಹೇಳಿದರೆ ಹಿತ್ತಲ ಬಾಗಿಲಲ್ಲಿ ಕೂತಿರುತ್ತಿದ್ದ ನಾಯಿ ಎದ್ದು ಒಳಗೆ ನುಗ್ಗುತ್ತಿತ್ತು. ಒಂದು ಯುಗಾದಿಗೆ ನನ್ನ ನಾದಿನಿಯ ಗಂಡ ಊಟಕ್ಕೆ ಬಂದಿದ್ದರು. ನಾನು ಎರಡನೇ ಹೋಳಿಗೆ ಹಾಕಲು ಹೋದಾಗ “ಸಾಕು ಸಾಕು” ಅಂದುಬಿಟ್ಟರು. ಅವರ ಮಾತು ಮುಗಿಯುವಷ್ಟರಲ್ಲಿ ನಾಯಿಯ ಎರಡು ಮುಂಗಾಲು ಅವರ ಬಿಳಿ ಪಂಚೆಯ ಮೇಲಿದ್ದವು. ನಮ್ಮನೆಯವರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. “ನೀವೇ ಕರೆದ್ರಿ ಅಳಿಯಂದ್ರೇ, ಅದ್ರದೇನು ತಪ್ಪೈತೆ?” ಅಂದರು.

ಅದು ಜರ್ಮನ್ ಶೆಫರ್ಡ್ ಹೆಣ್ಣುನಾಯಿ. ಕಾಗದದ ಮೇಲೆ ಅದಕ್ಕೆ ಒಂದು ಉದ್ದನೆಯ ಹೆಸರಿತ್ತು, ಮನೆಯಲ್ಲಿ ನಾವು ಕೂಸು ಅನ್ನುತ್ತಿದ್ದೆವು. ಅದನ್ನು ನಮ್ಮನೆಯವರು ಎರಡು ಮಾತಿನ ಮೇಲೆ ಬೆಳೆಸಿದರು. ಅಂಗೈ ತೋರಿಸಿ “ಇರು” ಅಂದರೆ ಇದ್ದಲ್ಲೇ ಇರಬೇಕು. “ಸಾಕು” ಅಂದರೆ ಬಿಡುಗಡೆ. ನಾಯಿ ಪಳಗಿಸುವವರೆಲ್ಲ ಇಂಗ್ಲಿಷಿನಲ್ಲಿ ಹೇಳುತ್ತಾರೆ. ನಮ್ಮನೆಯವರು ಹರಿಹರದ ಒಂದು ವರ್ಕ್‌ಶಾಪಿನಲ್ಲಿ ಲೇಥ್ ಕೆಲಸ ಮಾಡುತ್ತಿದ್ದರು, ಓದಿದ್ದು ಎಸ್ಸೆಸ್ಸೆಲ್ಸಿ. “ಅದಕ್ಕೂ ಇಂಗ್ಲಿಷ್ ಬರಲ್ಲ, ನಂಗೂ ಬರಲ್ಲ. ಬರದ ಮಾತಿನಾಗ ಇಬ್ರೂ ಯಾಕ ಒದ್ದಾಡಬೇಕು?” ಅನ್ನುತ್ತಿದ್ದರು. ಲೇಥಿನ ಮೇಲೆ ಕಬ್ಬಿಣ ಕೊರೆದು ಅಳತೆ ಸರಿಬಂದಾಗ ಅವರು ತಮಗೆ ತಾವೇ ಹೇಳಿಕೊಳ್ಳುತ್ತಿದ್ದ ಮಾತೂ “ಸಾಕು” ಅಂತಲೇ.

“ದಿನಕ್ಕೆ ನೂರು ಸಲ ಬಾಯಿಗೆ ಬರೋ ಮಾತು ರೀ. ಬ್ಯಾರೆ ಇಡ್ರಿ” ಅಂತ ನಾನು ಹೇಳಿದ್ದೆ. “ಬದ್ಲಾಯಿಸ್ತೀನಿ ತಗಾ” ಅಂದಿದ್ದರು. ಅವರು ಬದಲಾಯಿಸಲಿಲ್ಲ, ನಾನೂ ಮತ್ತೆ ಕೇಳಲಿಲ್ಲ.

ಮಕ್ಕಳಿಲ್ಲದ್ದಕ್ಕೆ ನಾಯಿ ಕಟ್ಟಿಕೊಂಡಿದ್ದಾರೆ ಅಂತ ಬೀದಿಯಲ್ಲಿ ಆಡುತ್ತಿದ್ದರು. ಅದು ನಿಜವಲ್ಲ. ಅವರಿಗೆ ಮದುವೆಗೆ ಮುಂಚಿನಿಂದಲೇ ಈ ಹುಚ್ಚು. ಕೂಸಿನ ತಾಯಿಯನ್ನು ಹುಬ್ಬಳ್ಳಿಯಿಂದ ತಂದಿದ್ದರು. ಅದರ ವಂಶದ ಕಾಗದವನ್ನು ಪ್ಲಾಸ್ಟಿಕ್ ಹಾಕಿಸಿ ಗೋಡೆಗೆ ಹೊಡೆದಿದ್ದರು. “ನಮ್ಮ ಮುತ್ತಾತನ ಹೆಸರು ನಂಗೊತ್ತಿಲ್ಲ. ಇದ್ರದ್ದು ಗೊತ್ತೈತೆ ನೋಡು” ಅಂತ ಬಂದವರಿಗೆಲ್ಲ ತೋರಿಸುತ್ತಿದ್ದರು. ಸೊಂಟದ ಎಕ್ಸ್‌ರೇ ತೆಗೆಸಿ, ಗಟ್ಟಿಯಿದೆ ಅಂತ ಡಾಕ್ಟರು ಹೇಳಿದ ಮೇಲೆಯೇ ಅದನ್ನು ಶಿವಮೊಗ್ಗದ ಒಂದು ಗಂಡುನಾಯಿಯ ಹತ್ತಿರ ಕರೆದುಕೊಂಡು ಹೋದರು. ಏಳು ಮರಿ ಹಾಕಿತು.

ಐದು ವಾರವಾದಾಗ ಮರಿಗಳಿಗೆ ಪಾರ್ವೋ ರೋಗ ಬಂತು. ಮೊದಲು ಒಂದು ಮರಿ ಹಾಲು ಬಿಟ್ಟಿತು, ಸಂಜೆಗೆ ಇನ್ನೆರಡು. ರಕ್ತ ಬೆರೆತ ಭೇದಿ. ಆ ವಾಸನೆ ಫಿನಾಯಿಲಿಗೂ ಹೋಗಲಿಲ್ಲ. ಗ್ಲೂಕೋಸ್ ಹಾಕಲು ಅಷ್ಟು ಸಣ್ಣ ಕಾಲುಗಳಲ್ಲಿ ನರ ಸಿಗುತ್ತಿರಲಿಲ್ಲ. ನಾಲ್ಕು ದಿನದಲ್ಲಿ ನಾಲ್ಕು ಹೋದವು. ಒಂದೊಂದನ್ನೂ ಅವರು ತಮ್ಮ ಹಳೆಯ ಬನಿಯನ್ನಿನಲ್ಲಿ ಸುತ್ತಿ, ಮುಚ್ಚಿಹೋದ ಹತ್ತಿ ಮಿಲ್ಲಿನ ಹಿಂದಿನ ಬಯಲಿಗೆ ಒಯ್ದು ಹೂಳಿ ಬಂದರು. ನಾಲ್ಕನೆಯದಕ್ಕೆ ಬನಿಯನ್ ಉಳಿದಿರಲಿಲ್ಲ, ನಾನು ಒಂದು ದಿಂಬಿನ ಚೀಲ ಕೊಟ್ಟೆ. “ಇನ್ನು ಮರಿ ಹಾಕಿಸೋದು ಬ್ಯಾಡ” ಅಂದರು. ಮತ್ತೆ ಹಾಕಿಸಲಿಲ್ಲ. ತಾಯಿ ಅದಾದ ಮೇಲೆ ಎರಡು ವರ್ಷ ಬದುಕಿ ಹೋಯಿತು.

ಉಳಿದ ಮೂರರಲ್ಲಿ ಎರಡನ್ನು ಕೇಳಿಕೊಂಡು ಬಂದವರು ಒಯ್ದರು. ಒಂದರ ಎಡಗಿವಿ ನಿಲ್ಲುತ್ತಿರಲಿಲ್ಲ. ಈ ಜಾತಿಗೆ ಎರಡೂ ಕಿವಿ ನೆಟ್ಟಗೆ ನಿಲ್ಲಬೇಕು. ಕಿವಿಯೊಳಗೆ ಸ್ಪಂಜು ಇಟ್ಟು ಪ್ಲಾಸ್ಟರ್ ಸುತ್ತಿ ಆರು ತಿಂಗಳು ನೋಡಿದರು, ಬಿಚ್ಚಿದಾಗಲೆಲ್ಲ ಅರ್ಧಕ್ಕೆ ಮಡಚಿಕೊಳ್ಳುತ್ತಿತ್ತು. ಯಾರಿಗೂ ಬೇಡವಾಗಿ ನಮಗುಳಿದ ಆ ಮರಿಯೇ ಕೂಸು.

ಆದರೂ ಒಮ್ಮೆ ನಮ್ಮೂರು ದಾವಣಗೆರೆಯಲ್ಲೇ ನಡೆದ ಶ್ವಾನ ಪ್ರದರ್ಶನಕ್ಕೆ ಹೋದೆವು. ತೀರ್ಪುಗಾರರು ಹೊರಗಿನವರು. ತುಟಿ ಎತ್ತಿ ಹಲ್ಲು ನೋಡಿದರು, ಬೆನ್ನ ಮೇಲೆ ಕೈಯಾಡಿಸಿದರು, ಓಡಿಸಿ ನೋಡಿದರು. ಕೊನೆಗೆ ಎಡಗಿವಿಯನ್ನು ಬೆರಳಿನಿಂದ ಎತ್ತಿ ನಿಲ್ಲಿಸಿ ಬಿಟ್ಟರು. ಅದು ಮಡಚಿಕೊಂಡಿತು. “ಚೆನ್ನಾಗಿ ಬೆಳೆಸಿದ್ದೀರಿ” ಅಂದು ನಮ್ಮನ್ನು ಸಾಲಿನ ಕೊನೆಗೆ ಕಳಿಸಿದರು. ಮೈದಾನದ ಇನ್ನೊಂದು ಮೂಲೆಯಲ್ಲಿ ಯಾರೋ ನಾಯಿಗಳನ್ನು ಅಡ್ಡಪಟ್ಟಿ ಹಾರಿಸಿ, ಕೊಳವೆಯೊಳಗೆ ನುಗ್ಗಿಸಿ, ಸಾಲಾಗಿ ನೆಟ್ಟ ಕೋಲುಗಳ ನಡುವೆ ಹಾವಿನ ಹಾಗೆ ಓಡಿಸುತ್ತಿದ್ದರು. ಅಜಿಲಿಟಿ ಅಂತ ಅದರ ಹೆಸರು. ನಮ್ಮನೆಯವರು ಬಹಳ ಹೊತ್ತು ನೋಡುತ್ತ ನಿಂತರು. “ಇಲ್ಲಿ ಯಾರೂ ಕಿವಿ ನೋಡ್ತಿಲ್ಲ” ಅಂದರು.

ಮಿಲ್ಲಿನ ಹಿಂದಿನ ಅದೇ ಬಯಲಿನಲ್ಲಿ ಅಭ್ಯಾಸ ಶುರುವಾಯಿತು. ಅಡ್ಡಪಟ್ಟಿಗೆ ಬೋರ್‌ವೆಲ್‌ನವರು ಬಿಟ್ಟುಹೋದ ಪೈಪು. ಕೊಳವೆ ಹೊಲಿದುಕೊಟ್ಟವರು ಹರಿಹರದಲ್ಲಿ ಲಾರಿಗಳಿಗೆ ತಾಡಪಾಲು ಹೊಲಿಯುವ ಒಬ್ಬ ಸಾಬರು, ನಮ್ಮನೆಯವರ ಹಳೆಯ ಸ್ನೇಹಿತರು. ನಾನು ಅವರನ್ನು ಅಣ್ಣಾರೆ ಅನ್ನುತ್ತಿದ್ದೆ, ಅವರು ನನ್ನನ್ನು ತಂಗಿ ಅನ್ನುತ್ತಿದ್ದರು.

“ಮೂವತ್ತು ವರ್ಷ ಲಾರಿಗೆ ಹೊಲ್ದೀನಿ ಭಾಯ್. ಈಗ ನಾಯಿಗೆ ಸುರಂಗ ಹೊಲಿ ಅಂತೀರಿ. ನಾಳೆ ಬೆಕ್ಕಿಗೆ ಶೇರ್ವಾನಿ ಹೊಲಿ ಅಂತ ಬರ್ತೀರೇನು?”

“ಬೆಕ್ಕಿನ ಅಳತೆ ತಂದು ಕೊಡ್ತೀನಿ, ಮದ್ಲು ಇದು ಹೊಲೀರಿ.”

ಬೈದುಕೊಳ್ಳುತ್ತಲೇ ಹೊಲಿದರು. ಭಾನುವಾರ ತಮ್ಮ ಲಗೇಜ್ ಆಟೋದಲ್ಲಿ ನೋಡಲೂ ಬರುತ್ತಿದ್ದರು. ಕೂಸು ಹತ್ತಿರ ಬಂದರೆ ಎರಡೂ ಕೈ ಎತ್ತಿ, “ದೂರ, ದೂರ! ನಂಗೆ ನಮಾಜ್ ಐತೆ. ನಿನ್ನ ಜೊಲ್ಲು ತಾಗಿದ್ರೆ ಮತ್ತೆ ತೊಳೀಬೇಕು” ಅನ್ನುತ್ತಿದ್ದರು. ಕೆಲವು ವಾರದ ನಂತರ ಆಟೋದ ಸೀಟಿನ ಕೆಳಗೆ ಒಂದು ಹಳೆಯ ಅಂಗಿ ಇಟ್ಟುಕೊಳ್ಳತೊಡಗಿದರು. ಬಯಲಿಗೆ ಬಂದ ಕೂಡಲೇ ಮೇಲಿನ ಅಂಗಿ ಕಳಚಿ ಅದನ್ನು ತೊಟ್ಟುಕೊಳ್ಳುವರು. ಆಗ ಅದು ಎಷ್ಟು ನೆಕ್ಕಿದರೂ ಸುಮ್ಮನಿರುತ್ತಿದ್ದರು.

ಭತ್ತದ ಕಟಾವಿನ ಕಾಲದಲ್ಲಿ ಒಂದು ಕುರಿಮಂದೆ ಆ ಬಯಲಿಗೆ ಬಂತು. ಕಂಬಳಿ ಹೊದ್ದ ಕುರಿಗಾಹಿ ನಿಂತು ನೋಡಿದ.

“ಏನ್ ಜಾತಿ ನಾಯ್ರಿ ಇದು?”

“ಜರ್ಮನ್ ಶೆಫರ್ಡ್. ಕುರಿ ಕಾಯೋ ಜಾತಿ” ಅಂದರು ನಮ್ಮನೆಯವರು.

“ಕುರಿ ಯಾವತ್ತಾರ ನೋಡೈತಾ?”

“ಇವತ್ತೇ ನೋಡ್ತಿರೋದು.”

“ಹಂಗಾರ ನಮ್ಮ ಕುರೀನೇ ಇದನ್ನ ಕಾಯ್ತಾವ ಬಿಡ್ರಿ.”

ಎಲ್ಲರೂ ನಕ್ಕೆವು. ನಾನು ಕೂಸಿನ ಕಡೆ ನೋಡಿದೆ. ಅದು “ಇರು” ಅಂದ ಜಾಗದಲ್ಲೇ ಕೂತಿತ್ತು, ಆದರೆ ಮೈಯೆಲ್ಲ ನಡುಗುತ್ತಿತ್ತು. ಕಣ್ಣು ಕುರಿಗಳ ಮೇಲಿಂದ ಕದಲಲಿಲ್ಲ. ಮಡಚಿದ ಕಿವಿಯೂ ಅರ್ಧ ಎದ್ದಿತ್ತು. “ರಕ್ತದಾಗ ಐತೆ ನೋಡು” ಅಂತ ನಮ್ಮನೆಯವರು ಮೆಲ್ಲಗೆ ಹೇಳಿದರು. ಬಿಡುಗಡೆಯ ಮಾತು ಹೇಳದೆ, ಬೆಲ್ಟು ಹಾಕಿಯೇ ಅದನ್ನು ಎಬ್ಬಿಸಿ ಕರೆದುಕೊಂಡು ಬಂದರು.

ಮಾರನೇ ವರ್ಷ ನಮ್ಮನೆಯವರ ದನಿ ಒಡೆಯಿತು. ಬಯಲಿನಲ್ಲಿ ಕೂಗಿ ಕೂಗಿ ಹೀಗಾಗಿದೆ ಅಂದುಕೊಂಡೆವು. ಅರಿಶಿನದ ಹಾಲು, ಕಷಾಯ ಅಂತ ಮೂರು ತಿಂಗಳು ಕಳೆದೆವು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಗಂಟಲಿನ ಗಡ್ಡೆ ಬೆಳೆದಿತ್ತು. ಧ್ವನಿಪೆಟ್ಟಿಗೆಯನ್ನೇ ತೆಗೆದರು. ಕತ್ತಿನ ಬುಡದಲ್ಲಿ ಉಸಿರಾಡಲು ಒಂದು ತೂತು ಉಳಿಯಿತು, ಅದರ ಮೇಲೆ ತೆಳುವಾದ ಬಟ್ಟೆ. ಮಾತಾಡಲು ನಾನೊಂದು ಸ್ಲೇಟು ತಂದೆ. ಬಳಪ ಕಿರುಗುಟ್ಟುತ್ತದೆ ಅಂತ ಸಾಬರು ತಾವು ಬಟ್ಟೆಗೆ ಗುರುತು ಹಾಕುವ ದರ್ಜಿ ಚಾಕ್‌ಪೀಸು ತಂದುಕೊಟ್ಟರು.

ಸ್ವಲ್ಪ ಚೇತರಿಸಿಕೊಂಡ ಮೇಲೆ ಕೂಸನ್ನು ಕರೆದುಕೊಂಡು ಬಯಲಿಗೆ ಹೋದರು. ಜೊತೆಗೆ ನಾನೂ ಹೋಗಿ ಮಿಲ್ಲಿನ ಗೋಡೆಯ ಹತ್ತಿರ ನಿಂತೆ. ಮೊದಲ ಅಡ್ಡಪಟ್ಟಿಯ ಮುಂದೆ ಅದನ್ನು ಕೂರಿಸಿ, ಅಂಗೈ ತೋರಿಸಿ, ಆಚೆ ತುದಿಗೆ ನಡೆದರು. ತಿರುಗಿ ಬಾಯಿ ತೆರೆದರು. ತುಟಿಗಳು ಆಡಿದವು, ಕತ್ತಿನ ಬಟ್ಟೆ ಉಬ್ಬಿ ಇಳಿಯಿತು. ದನಿ ಬರಲಿಲ್ಲ. ಕೂಸು ಅವರ ಮುಖ ನೋಡುತ್ತ ಕೂತೇ ಇತ್ತು. ಕೈ ಬೀಸಿದರು. ಚಪ್ಪಾಳೆ ತಟ್ಟಿದರು. ಕೈ ಬೀಸಿದರೂ, ಬಿಸ್ಕತ್ತು ಎಸೆದರೂ ಆ ಒಂದು ಮಾತು ಕೇಳುವವರೆಗೆ ಏಳಬಾರದು ಅಂತ ಅವರೇ ಅದಕ್ಕೆ ಕಲಿಸಿದ್ದರು. ಅವರು ಮತ್ತೆ ಮತ್ತೆ ಬಾಯಿ ಆಡಿಸಿದರು. ಅದು ಸಣ್ಣಗೆ ಕುಂಯ್‌ಗುಡುತ್ತ, ಬಾಲದಿಂದ ನೆಲ ಗುಡಿಸುತ್ತ, ಇದ್ದಲ್ಲೇ ಇತ್ತು. ನನಗೆ ನೋಡಲಾಗಲಿಲ್ಲ. ಗೋಡೆಯ ಹತ್ತಿರದಿಂದಲೇ “ಸಾಕು” ಅಂದೆ.

ಅದು ಹಾರಿ ಅವರ ಹತ್ತಿರ ಓಡಿತು. ಅವರು ಮಂಡಿಯೂರಿ ಅದರ ಕುತ್ತಿಗೆ ತಬ್ಬಿಕೊಂಡರು. ಆಮೇಲೆ ನನ್ನನ್ನು ನೋಡಿ, ಸ್ಲೇಟು ತೆಗೆದು ಬರೆದರು: “ಇನ್ನು ನೀನೇ.”

ಹೀಗೆ ಆ ಮಾತು ನನ್ನ ಬಾಯಿಗೆ ಬಂತು. ಚೂಡಿದಾರ ಹಾಕಿ, ಅವರ ಹಳೆಯ ಬೂಟಿಗೆ ಬಟ್ಟೆ ತುರುಕಿ ಓಡಿದೆ. ಕಾಂಪೌಂಡಿನ ಆಚೆಯಿಂದ ಹೆಂಗಸರು, “ಏನಕ್ಕಾ, ನೀನು ನಾಯಿ ಓಡಿಸ್ತೀಯೋ, ನಾಯಿ ನಿನ್ನ ಓಡಿಸ್ತೈತೋ?” ಅನ್ನುತ್ತಿದ್ದರು. ನಮ್ಮನೆಯವರು ಕುರ್ಚಿ ಹಾಕಿಕೊಂಡು ಕೂತು, ಪ್ರತಿ ಓಟದ ನಂತರ ಸ್ಲೇಟು ಎತ್ತಿ ತೋರಿಸುವರು. “ಅದು ಸರಿ. ನೀನು ಲೇಟು.” ಅವರಿಗೆ ಒಂದೇ ಆಸೆ ಇತ್ತು. ಹುಬ್ಬಳ್ಳಿಯಲ್ಲಿ ನಡೆಯುವ ಸ್ಪರ್ಧೆಯಲ್ಲಿ ಕೂಸು ಒಮ್ಮೆಯಾದರೂ ಒಂದು ತಪ್ಪೂ ಇಲ್ಲದೆ ಓಟ ಮುಗಿಸಬೇಕು. ಬಹುಮಾನ ಬೇಡ, ತಪ್ಪಿಲ್ಲದ ಓಟ ಬೇಕು. ಕಿವಿ ಎತ್ತಿ ಬಿಟ್ಟ ಆ ಬೆರಳನ್ನು ಅವರು ಮರೆತಿರಲಿಲ್ಲ ಅಂತ ಕಾಣುತ್ತದೆ.

ಆ ವರ್ಷದ ಸ್ಪರ್ಧೆಗೆ ಮುಂಚೆಯೇ ಗಡ್ಡೆ ತಿರುಗಿ ಬಂತು. ಕೊನೆಯ ವಾರ ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ ಅವರ ಮೂಗಿನ ನಳಿಕೆಗೆ ಗಂಜಿ ಹಾಕುತ್ತಿದ್ದೆ. ಕೈ ಮಾಡಿ ಸ್ಲೇಟು ಕೇಳಿದರು. ಬರೆಯಲು ಬಹಳ ಹೊತ್ತು ಬೇಕಾಯಿತು. “ಸಾಕು” ಅಂತ ಬರೆದರು.

ಗಂಜಿ ಸಾಕು ಅಂದರೋ. ಈ ಬದುಕೇ ಸಾಕು ಅಂದರೋ. ಕೂಸನ್ನು ನೀನು ಸಾಕು ಅಂದರೋ. ಬರೆದರೆ ಮೂರೂ ಒಂದೇ. ನಾನು ಕೇಳಬಹುದಿತ್ತು, ಅವರು ಇನ್ನೂ ಎರಡು ದಿನ ಎಚ್ಚರವಿದ್ದರು. ಕೇಳಲಿಲ್ಲ. ನನಗೆ ಬೇಕಾದದ್ದನ್ನು ತಗೊಂಡೆ.

ಅವರು ಹೋದ ತಿಂಗಳಿಗೆ ನಾದಿನಿ ಬಂದಳು. ಮಾಯಕೊಂಡದ ಹತ್ತಿರ ತೋಟವಿರುವ ಯಾರೋ ನಾಯಿ ಕೇಳುತ್ತಿದ್ದರಂತೆ.

“ಅತ್ತಿಗೆ, ಅಣ್ಣನೇ ಇಲ್ಲ, ಇನ್ನ ನಾಯಿ ಯಾಕ? ಒಬ್ರೇ ಹೆಣ್ಣುಮಗಳು ಅದನ್ನ ಎಳಕೊಂಡು ಬಯಲಾಗ ಓಡೋದು, ಜನ ಏನಂತಾರ?”

“ಅವರೇ ಬರೆದಿಟ್ಟು ಹೋಗ್ಯಾರೆ” ಅಂತ ಸ್ಲೇಟು ತೋರಿಸಿದೆ. ಅದನ್ನು ಅಳಿಸದೆ ದೇವರ ಗೂಡಿನ ಪಕ್ಕ ಇಟ್ಟಿದ್ದೆ.

ಅವಳು ನೋಡಿ ಅತ್ತಳು. “ಇದು ಹಂಗಲ್ಲ ಅತ್ತಿಗೆ. ಅಣ್ಣಗೆ ಸಾಕಾಗಿತ್ತು, ಅದಕ್ಕ ಬರ್ದಾನ. ನೀವು ನಾಯಿಗೆ ಹಚ್ಕೊಂಡು ಕೂತೀರಿ.”

“ನಾಯಿ ಕೊಡಲ್ಲ” ಅಂದೆ. ಅವಳು ಚಹಾ ಕುಡಿಯದೆ ಎದ್ದುಹೋದಳು.

ಆ ಮಾತನ್ನು ನಾನಾದರೂ ಆಗ ಬದಲಾಯಿಸಬಹುದಿತ್ತು. ಒಂದು ತಿಂಗಳು ಕೂತು ಕಲಿಸಿದ್ದರೆ ಕಲಿಯುತ್ತಿತ್ತು, ಜಾಣ ನಾಯಿ. ಮನಸ್ಸು ಬರಲಿಲ್ಲ. ದಿನಕ್ಕೆ ಹತ್ತು ಸಲ ಅವರ ಮಾತನ್ನು ನನ್ನ ಬಾಯಲ್ಲಿ ಹೇಳುತ್ತಿದ್ದೆ, ಅದನ್ನು ಕೇಳಿ ಒಂದು ಜೀವ ಎದ್ದು ಓಡಿ ಬರುತ್ತಿತ್ತು. ಮನೆಯಲ್ಲಿ ಅವರದ್ದು ಅಂತ ಇನ್ನೂ ಕೆಲಸ ಮಾಡುತ್ತಿದ್ದದ್ದು ಅದೊಂದೇ.

ಮುಂದಿನ ವರ್ಷದ ಸ್ಪರ್ಧೆಗೆ ಹೆಸರು ಕೊಟ್ಟೆ. ಇನ್ನು ಎರಡು ವಾರವಿದೆ ಅನ್ನುವಾಗ ಕೊಳವೆಯ ಹೊಲಿಗೆ ಬಿಟ್ಟಿತು. ಸಾಬರು ಅದನ್ನು ಹರಿಹರಕ್ಕೆ ಒಯ್ದು ಹೊಸ ಪಟ್ಟಿ ಕೊಟ್ಟು ಹೊಲಿದರು. ಭಾನುವಾರ ಅಲ್ಲೇ ಒಂದು ಶಾಲೆಯ ಮೈದಾನದಲ್ಲಿ ಹಾಸಿ ನೋಡೋಣ ಅಂದರು. ನಾನು ಕೂಸಿನ ಜೊತೆ ಹೋದೆ. ಅಡ್ಡಪಟ್ಟಿಗಳನ್ನೂ ಕೋಲುಗಳನ್ನೂ ನೆಟ್ಟೆವು. “ಇರು” ಅಂದು ಮುಂದೆ ನಡೆದು, ತಿರುಗಿ, “ಸಾಕು” ಅಂದೆ.

ಅವತ್ತು ಅದು ಓಡಿದ ಹಾಗೆ ಎಂದೂ ಓಡಿರಲಿಲ್ಲ. ಒಂದು ಪಟ್ಟಿ ಬೀಳಲಿಲ್ಲ, ಒಂದು ಕೋಲು ತಪ್ಪಲಿಲ್ಲ. ನಾನೂ ಲೇಟಾಗಲಿಲ್ಲ. ಸಾಬರು ನೆರಳಲ್ಲಿ ಕೂತಿದ್ದವರು ಎದ್ದು ನಿಂತರು. “ತಂಗೀ, ಭಾಯ್ ನೋಡ್ಬೇಕಿತ್ತು” ಅಂದರು. ಇನ್ನೊಮ್ಮೆ ಓಡಿಸಲಿಲ್ಲ. ಹುಬ್ಬಳ್ಳಿಗೂ ಇರಲಿ ಅಂದುಕೊಂಡೆ.

ಸಾಮಾನೆಲ್ಲ ಆಟೋಗೆ ಹಾಕಿ ದಾವಣಗೆರೆ ಕಡೆ ಹೊರಟೆವು. ದಾರಿಯಲ್ಲಿ ಒಂದು ಚಹಾದಂಗಡಿ. “ಖುಷಿಗೆ ಒಂದು ಬೈಟು ಕುಡಿಯೋಣ ಬಾ ತಂಗಿ” ಅಂದರು. ಅಂಗಡಿಯ ಹಿಂದಿನ ಓಣಿಯಲ್ಲಿರುವ ಮಸೀದಿಗೆ ಹೋಗಬೇಕು ಅಂತ ಆಗಲೇ ಅಂಗಿ ಬದಲಾಯಿಸಿ ಬಿಳಿಯದನ್ನು ತೊಟ್ಟಿದ್ದರು. ನಾನು ಕೂಸನ್ನು ಬೆಂಚಿನ ಪಕ್ಕ ಕೂರಿಸಿ “ಇರು” ಅಂದೆ. ಬೆಲ್ಟನ್ನು ಕೈಗೆ ಸುತ್ತಿಕೊಳ್ಳದೆ ಬೆಂಚಿನ ಮೇಲೆ ಇಟ್ಟೆ. “ಇರು” ಅಂದರೆ ಇರುವ ನಾಯಿ ಅಂತ ಅಂಗಡಿಯವನಿಗೆ ಕಾಣಲಿ ಅನ್ನುವ ಜಂಬವೂ ಇತ್ತು. ಅದನ್ನೂ ಇಲ್ಲಿ ಬರೆಯಬೇಕು.

ರಸ್ತೆಯ ಆಚೆ, ಕೊಯ್ದ ಗದ್ದೆಯಲ್ಲಿ ಕುರಿಮಂದೆ ಮೇಯುತ್ತಿತ್ತು. ನಾನು ನೋಡಿದೆ. ಕೂಸು ಆಗಲೇ ನೋಡುತ್ತಿತ್ತು.

ಅಂಗಡಿಯವನು ಒಂದು ಗ್ಲಾಸು ಚಹಾ, ಒಂದು ಖಾಲಿ ಗ್ಲಾಸು ಕೊಟ್ಟ. ಸಾಬರು ತಮ್ಮ ಗ್ಲಾಸಿನಿಂದ ನನ್ನದಕ್ಕೆ ಬಗ್ಗಿಸತೊಡಗಿದರು. ಅರ್ಧ ದಾಟಿತು, ಮುಕ್ಕಾಲಾಯಿತು. ಅವರು ಯಾವಾಗಲೂ ಹಾಗೆಯೇ, ಬೈಟು ಅಂದರೆ ತಮಗೆ ಒಂದು ಗುಟುಕು ಉಳಿಸಿಕೊಂಡು ಮಿಕ್ಕಿದ್ದೆಲ್ಲ ಎದುರಿನವರಿಗೆ ಹಾಕುವರು. ನಾನು ನಗುತ್ತ, “ಸಾಕು, ಸಾಕು ಅಣ್ಣಾರೆ” ಅಂದೆ.

ಬೆಂಚಿನ ಮೇಲಿಂದ ಬೆಲ್ಟು ಸರ್ರನೆ ಜಾರಿದ ಸದ್ದು ಕೇಳಿಸಿತು. ಕೈ ಚಾಚಿದೆ. ಅದರ ತುದಿ ಬೆರಳಿಗೆ ತಗುಲಿತು, ಸಿಗಲಿಲ್ಲ. ಕೂಸು ಮೈ ತಗ್ಗಿಸಿ, ನೆಲಕ್ಕಂಟಿದ ಹಾಗೆ, ಬಾಣದಂತೆ ರಸ್ತೆಗೆ ಹೋಯಿತು. “ಇರು” ಅಂತ ಕೂಗಿದೆ. ಕೂಗಿದಾಗ ಅದು ನಿಂತಿತು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ರಸ್ತೆಯ ನಡುವೆ, ನನ್ನ ಮಾತು ಕೇಳಿ, ಅದು ನಿಂತಿತು.

ಲಾರಿಯವನು ಮುಂದೆ ಹೋಗಿ ನಿಲ್ಲಿಸಿ ಇಳಿದು ಬಂದ. “ಅಕ್ಕಾ, ಓಡ್ತಿದ್ದುದು ದಾಟಿ ಹೋಗ್ತೈತೆ ಅನ್ಕಂಡೆ. ನಡುವೆ ನಿಂತುಬಿಡ್ತು” ಅಂದ. ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ಅವನದೇನೂ ತಪ್ಪಿರಲಿಲ್ಲ. ಆಚೆ ಗದ್ದೆಯಲ್ಲಿ ಕುರಿಗಳು ತಲೆ ಎತ್ತಿ ನೋಡಿ ಮತ್ತೆ ಮೇಯತೊಡಗಿದ್ದವು.

ಸಾಬರು ರಸ್ತೆಯ ಮೇಲೆ ಕೂತು ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ಬಿಳಿ ಅಂಗಿ ಎದೆಯಿಂದ ಹೊಟ್ಟೆಯವರೆಗೆ ಕೆಂಪಾಯಿತು. “ಅಣ್ಣಾರೆ, ನಿಮ್ಮ ಅಂಗಿ” ಅಂದೆ. ಅಂಥ ಹೊತ್ತಿನಲ್ಲಿ ನನಗೆ ಹೊಳೆದ ಮಾತು ಅದು. ಅವರು ಕೂಸನ್ನು ಹೊತ್ತು ಆಟೋದತ್ತ ನಡೆದರು. ಆಟೋದಲ್ಲಿದ್ದ ಕೊಳವೆಯ ಹೊಲಿಗೆಯನ್ನು ಚಾಕುವಿನಿಂದ ಉದ್ದಕ್ಕೆ ಬಿಚ್ಚಿ, ಆ ತಾಡಪಾಲಿನಲ್ಲಿ ಅದನ್ನು ಮಲಗಿಸಿ ಸುತ್ತಿದರು. ಹತ್ತಿರದ ಸಾರಥಿ ಎಂಬ ಹಳ್ಳಿಯಲ್ಲಿ ಅವರ ಪರಿಚಯದವರ ಹೊಲವಿತ್ತು. ಅಲ್ಲಿ ಬದುವಿನ ಪಕ್ಕ ಗುಂಡಿ ತೋಡಿದರು. ಮಣ್ಣು ಹಾಕುವಾಗ, “ನಾನು ಜಾಸ್ತಿ ಹಾಕ್ದೆ ತಂಗಿ. ಅರ್ಧಕ್ಕೆ ನಿಲ್ಲಿಸಬೇಕಿತ್ತು” ಅಂದರು. ಇಲ್ಲ ಅಣ್ಣಾರೆ ಅಂದೆ. ಅವರು ಅದನ್ನೇ ಮತ್ತೆರಡು ಸಲ ಹೇಳಿದರು.

ಸ್ಲೇಟು ಈಗಲೂ ದೇವರ ಗೂಡಿನ ಪಕ್ಕದಲ್ಲೇ ಇದೆ. ದರ್ಜಿಯ ಚಾಕ್‌ಪೀಸು ಶಾಲೆಯ ಸೀಮೆಸುಣ್ಣದಷ್ಟು ಬೇಗ ಉದುರುವುದಿಲ್ಲ, ಆದರೂ ಮೊದಲ ಅಕ್ಷರ ಮಸುಕಾಗಿದೆ. ನಾದಿನಿ ಓದಿದ್ದೇ ಸರಿಯಿತ್ತೇನೋ. ಮಾಯಕೊಂಡದ ತೋಟದಲ್ಲಿದ್ದಿದ್ದರೆ ಅದು ಇವತ್ತು ಯಾವುದೋ ಮರದ ಕೆಳಗೆ ಮಲಗಿರುತ್ತಿತ್ತು. ಅವಳು ಅದನ್ನು ನನಗೆ ಹೇಳಲಿಲ್ಲ. ವಿಷಯ ತಿಳಿದು ಬಂದವಳು ಅಡುಗೆ ಮಾಡಿಟ್ಟು, ಎರಡು ದಿನ ಇದ್ದು ಹೋದಳು. ಊಟಕ್ಕೆ ಕೂತಾಗ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದೆ. ಅವಳೂ ಹಾಗೆಯೇ ಹಿಡಿದಳು. ಹಿತ್ತಲ ಬಾಗಿಲು ತೆರೆದಿತ್ತು.

ಸಾಬರು ಮೂರು ತಿಂಗಳು ಬರಲಿಲ್ಲ. ಮೊನ್ನೆ ಭಾನುವಾರ ಬಂದರು. ಬಯಲಿನಲ್ಲಿ ಉಳಿದಿದ್ದ ಪೈಪುಗಳನ್ನು ಒಟ್ಟುಮಾಡಿ ಕಟ್ಟಿ ತಂದಿದ್ದರು. ಎಲ್ಲಿಡಲಿ ಅಂತ ಕೇಳಿ ಹಿತ್ತಲ ಗೋಡೆಗೆ ಒರಗಿಸಿ ಬಂದು ಕುರ್ಚಿಯಲ್ಲಿ ಕೂತರು. ಮೈಮೇಲೆ ಆ ಹಳೆಯ ಅಂಗಿಯಿತ್ತು. ನಾನು ಗಮನಿಸಿದ್ದು ಅವರಿಗೆ ಗೊತ್ತಾಯಿತು. “ಅಭ್ಯಾಸ” ಅಂದರು.

ಚಹಾ ಮಾಡಿ ತಂದೆ. ಕಪ್ಪಿಗೆ ಬಗ್ಗಿಸುತ್ತ ಹೋದೆ. ಅವರು ಕಪ್ಪನ್ನೇ ನೋಡುತ್ತಿದ್ದರು, ಬಾಯಿ ಬಿಡಲಿಲ್ಲ. ಚಹಾ ಅಂಚಿಗೆ ಬಂತು. ನಾನು ಕೈ ನಿಲ್ಲಿಸುವಷ್ಟರಲ್ಲಿ ಕಪ್ಪಿನ ಕೆಳಗಿನ ಬಸಿಗೆ ಚೆಲ್ಲಿತು. ಅವರು ಕಪ್ಪನ್ನು ಪಕ್ಕಕ್ಕಿಟ್ಟು, ಬಸಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಚೆಲ್ಲಿದ್ದನ್ನು ಮೊದಲು ಕುಡಿದರು.